ಹಗೇವಿನ ಅಳಿಯನ ದಾವೆ

ಔರಾದ
ಯುಗಾದಿಯ ಮರುದಿನ, 1950

ಬೀದರದ ಅಕ್ಕನ ಮನೆಯಲ್ಲಿ ಬೀಡುಬಿಟ್ಟಿರುವ ನನ್ನ ಯಜಮಾನರಿಗೆ ಈರಮ್ಮನ ಶರಣು.

ನಿಮ್ಮ ಪಿತ್ತ ಇಳಿಯಿತೇ? ಸಿಟ್ಟು ಇಳಿಯದೆ ಅದು ಇಳಿಯುವುದಿಲ್ಲವೆಂದು ನನಗೆ ಗೊತ್ತು. ಅಕ್ಕನ ಕೈಯ ಖಾರ ಕಡಿಮೆ ತಿನ್ನಿರಿ, ಮಜ್ಜಿಗೆ ಕುಡಿಯಿರಿ. ಇಲ್ಲಿ ನಾವೆಲ್ಲ ಕ್ಷೇಮ, ಎಮ್ಮೆ ಈದಿದೆ.

ಭಾಲ್ಕಿಯ ಮಡೆಪ್ಪ ನಿಮ್ಮ ಬಯಲಾಟದ ಕಥೆ ಕದ್ದನೆಂದು ವಕೀಲರ ಬಾಗಿಲು ಕಾಯುತ್ತಿದ್ದೀರಿ. ಕಥೆ ನಿಮ್ಮ ತಲೆಯಲ್ಲೇ ಹುಟ್ಟಿತೆಂದು ಹೇಳಲು ಮನೆಯವರ ಸಾಕ್ಷಿ ಬೇಕೆಂದೂ ಬರೆದಿದ್ದೀರಿ. ಅದಕ್ಕೇ ನಾನೂ ನೆರೆಮನೆಯ ರಹೀಮುನ್ನಿಸಾಳೂ ಭಾಲ್ಕಿಗೆ ಹೋಗಿ ಆಟ ನೋಡಿ ಬಂದೆವು. ನಿಮ್ಮ ಒಂದು ಮಾತೂ ಅದರಲ್ಲಿಲ್ಲ, ಒಂದು ಹಾಡೂ ಇಲ್ಲ. ಹೌದು, ರಜಾಕಾರರ ಹೆದರಿಕೆ ಇದೆ, ಜೋಳ ತುಂಬುವ ಹಗೇವು ಇದೆ, ಅತ್ತೆಯ ಮನೆಗೆ ಬಂದ ಅಳಿಯ ಇದ್ದಾನೆ. ಆದರೆ ನಿಮ್ಮ ಆಟದ ಅಳಿಯ ನೆಲದೊಳಗಿನ ಆ ಗುಂಡಿಗೆ ತಾನೇ ಮೊದಲು ಇಳಿಯುತ್ತಾನೆ. ಯೂನಿಯನ್ ಫೌಜು ಬಂದು ರಜಾಕಾರರು ಓಡಿಹೋಗಿ ಊರೆಲ್ಲ ಅಗಸಿಬಾಗಿಲಲ್ಲಿ ಕುಣಿಯುತ್ತಿದ್ದಾಗಲೂ ‘ಇದು ಮೋಸ ಅದ, ನಾ ಬರಾಂಗಿಲ್ಲ’ ಎನ್ನುತ್ತಾನೆ. ಕಡೆಗೆ ಅತ್ತೆಯೇ ಹಗ್ಗ ಇಳಿಬಿಟ್ಟು ಮೇಲಕ್ಕೆ ಎಳೆಯುತ್ತಾಳೆ. ಮಡೆಪ್ಪನ ಅಳಿಯನೋ, ಹೆಂಗಸರನ್ನೆಲ್ಲ ಇಳಿಸಿ, ಕೊಡಲಿ ಹಿಡಿದು ಮೇಲೆ ಕಾವಲು ನಿಲ್ಲುತ್ತಾನೆ.

ಆಟ ಮುಗಿದದ್ದೇ ತಡ, ಬಣ್ಣ ತೊಳೆಯಲೂ ಬಿಡದೆ ಮಡೆಪ್ಪನನ್ನು ಹಿಡಿದುಕೊಂಡೆ. ‘ವೈನಿ, ಹಾಡು ಕದ್ದಿದ್ರ ನನ್ನ ಕೈ ಕಡೀರಿ. ಆ ವರ್ಷ ಹಗೇವಿನಾಗ ಅಡಗದವ್ರು ಯಾರದಾರ್ರಿ? ಕಥಿಗಿ ಬೇಲಿ ಹಾಕಿದ್ರ ನಾವು ಆಡೋದರ ಏನ್ರಿ?’ ಎಂದ. ನಾನು ಬೈಯಲು ಬಾಯಿ ತೆರೆಯುವುದರೊಳಗೆ ರಹೀಮುನ್ನಿಸಾ, ‘ಈಕೀನೂ ಹೋಳಿಗಿ ಮಾಡ್ತಾಳ, ನಿನ್ನ ಹೆಂಡ್ತೀನೂ ಮಾಡ್ತಾಳ. ಮೊದಲ ಯಾರು ಮಾಡಿದ್ರಂತ ಕಚೇರಿಗಿ ಹೋಗ್ತಾರೇನು?’ ಎಂದುಬಿಟ್ಟಳು. ನನ್ನ ಕಡೆಯವಳೆಂದು ಕರೆದುಕೊಂಡು ಹೋದದ್ದಕ್ಕೆ ಇದು ನೋಡಿರಿ!

ಅಕ್ಕನಿಗೆ ನನ್ನ ಶರಣು ತಿಳಿಸಿರಿ. ಮಕ್ಕಳು ನಿಮ್ಮ ದಾರಿ ನೋಡುತ್ತಿದ್ದಾರೆ, ನಾನೂ ಅಷ್ಟೆ.

ನಿಮ್ಮ
ಈರಮ್ಮ

ಮರೆತಿದ್ದೆ: ಸಾಕ್ಷಿ ಹೇಳಲು ತವರೂರು ಚಿಂತಾಕಿಯಿಂದ ನಮ್ಮ ಅವ್ವ ಬಂದಿದ್ದಾಳೆ. ಅವಳು ಸುಳ್ಳಾಡುವವಳಲ್ಲ. ಫೌಜು ಬಂದ ದಿನ ತಾನು ಹಗ್ಗ ಇಳಿಬಿಟ್ಟು ಎಳೆದದ್ದು ಯಾರನ್ನೆಂದು ಜಡ್ಜ ಸಾಹೇಬರ ಮುಂದೆ ಹೇಳಿಯೇ ಬಿಡುತ್ತಾಳೆ. ಇಲ್ಲಿಯವರೆಗೆ ಅದು ನಮ್ಮ ಮೂವರಿಗಷ್ಟೇ ಗೊತ್ತು. ಮಡೆಪ್ಪನ ಅಳಿಯನಿಗೆ ಜನ ಚಪ್ಪಾಳೆ ಹೊಡೆದಾಗ ನನಗೆ ಕಣ್ಣೀರೇ ಬಂತು. ನಿಮ್ಮ ಲೆಕ್ಕದಲ್ಲಿ ಕಳ್ಳನಾದರೂ ನಿಮ್ಮನ್ನು ಮೇಲೆ ನಿಲ್ಲಿಸಿದವನು ಅವನೇ. ಇಷ್ಟಾದ ಮೇಲೂ ದಾವೆ ಬೇಕೇ ಬೇಕೆಂದರೆ ಬರೆಯಿರಿ. ಅವ್ವ ಬೀದರ ನೋಡಿಲ್ಲವಂತೆ, ಹೊಸ ಸೀರೆ ಉಟ್ಟು ಕೂತಿದ್ದಾಳೆ.