ಸೋಮವಾರ ಬರಬೇಡ

ರಾಯದುರ್ಗದ ಸಮಸ್ತ ಜೀನ್ಸ್ ಬಾಂಧವರೇ, ಮಡಕಶಿರಾದ ಗಣ್ಯರೇ, ತಂಗಿಯ ಬಾಣಂತನಕ್ಕೆ ಅಲ್ಲಿಗೆ ಹೋಗಿರುವ ನನ್ನ ಹೆಂಡತಿ ಗಂಗೋತ್ರಿಯೇ,

ನಾವಿಬ್ಬರೂ ಹನ್ನೆರಡು ವರ್ಷದಿಂದ ಜೀನ್ಸ್ ಹೊಲಿಯುತ್ತಿರುವ ರೇವಣಸಿದ್ದಯ್ಯನವರ ಯೂನಿಟ್ಟನ್ನು ಬಳ್ಳಾರಿಯ ಕಂಪನಿಯೊಂದು ಕೊಂಡುಕೊಂಡಿತೆಂದು ಈ ಮೂಲಕ ಘೋಷಿಸುತ್ತೇನೆ. ಬೋರ್ಡಿಗೆ ಹೊಸ ಬಣ್ಣ, ಗೋಡೆಗೆ ಹಳೇ ಸುಣ್ಣ. ನಿನ್ನ ಪಕ್ಕದ ಮೆಷಿನ್ನಿನ ತಿಪ್ಪಕ್ಕ ಹೊಸ ಮ್ಯಾನೇಜರನ್ನೇ ಕೇಳಿದಳು: "ಯೂನಿಟ್ ಜೊತಿಗೆ ನನ್ನ ಸೊಂಟನೋವೂ ತಗೊಂಡೀರೇನ್ರಿ ಸರ?" ಅವರು ನಗಲಿಲ್ಲ.

ಮಗುವಿಗೆ ಹೆಸರಿಟ್ಟಿರಾ? ನೀನು ಸೋಮವಾರ ಕೆಲಸಕ್ಕೆಂದು ಓಡಿ ಬರಬೇಡ, ಇನ್ನೊಂದು ತಿಂಗಳು ಇರು. ಬಾಣಂತಿಗೆ ಜೊತೆ ಬೇಕು, ಬಸ್ಸಿನಲ್ಲೂ ಜನ ಜಾಸ್ತಿ. ನಿನ್ನ ಕತ್ತರಿ, ಕೂರುವ ಕುಶನ್ನು ಮನೆಗೆ ತಂದಿಟ್ಟಿದ್ದೇನೆ. ಅಲ್ಲಿ ಧೂಳು ಬಹಳ.

ಧೂಳೂ ಇಲ್ಲ, ಮಣ್ಣೂ ಇಲ್ಲ. ಒಂದು ಮನೆಯಿಂದ ಒಬ್ಬರನ್ನೇ ಇಟ್ಟುಕೊಳ್ಳುತ್ತೇವೆ, ಯಾರೆಂದು ನೀವೇ ಬರೆದುಕೊಡಿ ಎಂದರು ಹೊಸ ಕಂಪನಿಯವರು. ಜೋಡಿಯಾಗಿ ದುಡಿಯುವವರೆಲ್ಲ ಒಂದು ದಿನದ ಸಮಯ ಕೇಳಿಕೊಂಡು, ಮನೆಯಲ್ಲಿ ಮಾತಾಡಿ ಬಂದರು. ನಿನಗೆ ಫೋನ್ ಮಾಡಿದ್ದರೆ, "ನಿಮಗಿಂತ ನನ್ನ ಕೈ ಚುರುಕು ಐತಲ್ರೀ, ನನ್ನ ಹೆಸರ ಬರೀರಿ" ಅನ್ನುತ್ತಿದ್ದೆ ನೀನು. ಅದು ನಿಜವೂ ಹೌದು. ಅದಕ್ಕೇ ನಾನು ಫೋನ್ ಮಾಡಲಿಲ್ಲ. ಅಲ್ಲೇ ನಿಂತು ನನ್ನ ಹೆಸರು ಬರೆದುಕೊಟ್ಟೆ.

ನಿನ್ನ,
ಓಬುಲೇಶ