ಮುಳ್ಳಿನ ಗುರುತು

೧೮ ಏಪ್ರಿಲ್ ೧೯೪೩, ಆದೋನಿ
ಬೊಂಬಾಯಿ ಮೇಲ್‌ನಿಂದ ಇಳಿದೆ. ಡೆಂಟಲ್ ಕಾಲೇಜಿಗೆ ರಜೆ; ಜೂನ್‌ನಲ್ಲಿ ಪರೀಕ್ಷೆ. ಅಕ್ಕ ಪಂಪಮ್ಮ ಹೆರಿಗೆಗೆ ಬಂದಿದ್ದಾಳೆ. ಭಾವ ಪತ್ತಿಕೊಂಡದಲ್ಲಿ, ಹತ್ತಿ ವ್ಯಾಪಾರದಲ್ಲಿ. ಮನೆಯಲ್ಲಿ ಅಜ್ಜಿಯ ಮಾತೇ ಮಾತು.

ಓದಲು ಕುಳಿತೆ. ಭ್ರೂಣದ ತಲೆ, ಕತ್ತು. ಐದನೆಯ ವಾರದ ಚಿತ್ರ — ಮುಖವಿಲ್ಲ. ಕತ್ತಿನಲ್ಲಿ ಮೀನಿನ ಕಿವಿರಿನಂಥ ಕಮಾನುಗಳು. ಮೊದಲೆರಡರ ಅಂಚಿನಲ್ಲಿ ಆರು ಸಣ್ಣ ದಿಬ್ಬಗಳು. ಅವು ಕೂಡಿದರೆ ಕಿವಿ. ಕತ್ತಿನ ಬಳಿ ಹುಟ್ಟಿ ಮೇಲಕ್ಕೆ ಏರುತ್ತದೆ. ಸರಿಯಾಗಿ ಕೂಡದಿದ್ದರೆ ಕಿವಿಯ ಮುಂದೆ ಒಂದು ತೂತು, ಸೂಜಿ ಚುಚ್ಚಿದಂತೆ.

ಅಕ್ಕ ಹಣಿಕಿ ನೋಡಿದಳು. "ಇದೇನೋ ತಮ್ಮಾ, ಹಲ್ಲಿಮರಿ?"
"ಮನುಷ್ಯಾನ ಅಕ್ಕಾ."
"ಹಲ್ಲು ಕೀಳಾಕ ಇಷ್ಟೆಲ್ಲಾ ಬೇಕೇನು?"
ನಗುತ್ತ ಹೊಟ್ಟೆಯ ಮೇಲೆ ಸೆರಗೆಳೆದುಕೊಂಡಳು.

೨೦ ಏಪ್ರಿಲ್
ಆ ತೂತಿನ ಪುಟ ಮತ್ತೆ ತೆರೆಯಲಿಲ್ಲ.
ಹೋದ ವರ್ಷ ಅಕ್ಕನ ಮೊದಲ ಕೂಸು ಪಂಚಾಕ್ಷರಿ ತೀರಿಕೊಂಡಾಗ ಇಲ್ಲೇ ಇದ್ದೆ. ಮಣ್ಣಿಗಿಡುವ ಮೊದಲು ಅಜ್ಜಿ ಜಾಲಿಮುಳ್ಳನ್ನು ಕಾಡಿಗೆಯಲ್ಲಿ ಅದ್ದಿ ಕಿವಿಯ ಮುಂದೆ ಚುಚ್ಚಿದಳು. "ಗುರುತಿದ್ರ ದಾರಿ ತಪ್ಪಂಗಿಲ್ಲ. ತಿರುಗಿ ಬರ್ತಾನ." ತಲೆ ಹಿಡಿದವನು ನಾನು. ರಕ್ತ ಬರಲಿಲ್ಲ.

೯ ಮೇ
ಗಂಡು. ಸೂಲಗಿತ್ತಿ ಸುಂಕಮ್ಮ ಕೂಸನ್ನು ಬೆಳಕಿಗೆ ತಿರುಗಿಸಿ ನೋಡಿದಳು. ಎಡಗಿವಿಯ ಮುಂದೆ ತೂತು. ಅನುವಾದದ ಕಾದಂಬರಿಗಳಲ್ಲಾದರೆ ಯಾರಾದರೂ ಕಿರುಚುತ್ತಿದ್ದರು. ಸುಂಕಮ್ಮ ಬಿಸಿನೀರು ಕೇಳಿದಳು.

ಅಜ್ಜಿ ಬಾಗಿ, "ಬಂದೇನಪಾ?" ಎಂದಳು. ಅಷ್ಟೇ.
ಆರು ದಿಬ್ಬಗಳ ವಿಷಯ ಹೇಳಿದೆ.
"ಆರಲ್ಲೋ, ಒಂದ ಮುಳ್ಳು. ನೀನ ತಲಿ ಹಿಡದಿದ್ದಿ."
ಅಕ್ಕ "ಪಂಚಾಕ್ಷರೀ" ಎಂದು ಕರೆದಳು. ಕೂಸು ತಿರುಗಿತು. ದನಿ ಕೇಳಿದರೆ ಯಾವ ಕೂಸಾದರೂ ತಿರುಗುತ್ತದೆ.

೨೩ ಮೇ
ತೂತು ಊದಿಕೊಂಡಿದೆ. ಕೀವು, ಜ್ವರ. ಮೊಲೆ ಕಚ್ಚುತ್ತಿಲ್ಲ. ಆಸ್ಪತ್ರೆಗೆ ಹೋಗಿ ಕೇಳಿದೆ — ಕೊಯ್ದು ಕೀವು ತೆಗೆಯಬೇಕು, ತಡವಾದರೆ ಕೂಸು ಉಳಿಯುವುದಿಲ್ಲ.

ಅಕ್ಕ ಒಪ್ಪಲಿಲ್ಲ. "ಆ ಬಾಗಿಲದಾಗ ಒಳಗ ಬಂದಾನ. ಕತ್ತಿ ಹಾಕಿದ್ರ ಅದ ಬಾಗಿಲದಾಗ ಹೋಗ್ತಾನ. ನಿನ್ನ ಪುಸ್ತಕ ತಂದು ಕೊಡ್ತೈತೇನು?"
ಅಜ್ಜಿಯೂ ಅದನ್ನೇ ಅಂದಳು. ಗುರುತು ಕೊಯ್ಯಬಾರದು.

೨೪ ಮೇ, ಮಧ್ಯಾಹ್ನ
ಕಣ್ಣು ಮುಚ್ಚಿ, ಅಂದು ಪಂಚಾಕ್ಷರಿಯ ತಲೆ ಹಿಡಿದಂತೆ ಅಂಗೈ ಹಿಡಿದು ಕುಳಿತೆ. ಎಡಗಿವಿ ನನ್ನ ಅಂಗೈಗೆ ಒತ್ತಿಕೊಂಡಿತ್ತು. ತಣ್ಣಗೆ, ಈಗಲೂ ತಿಳಿಯುತ್ತದೆ. ಮುಳ್ಳು ಇಳಿದದ್ದು ಬಲಗಿವಿಗೆ. ಸಂಶಯವಿಲ್ಲ.

ಅಜ್ಜಿಯನ್ನು ಕೇಳಿದೆ, ಯಾವ ಕಿವಿ?
"ಎಡಗಿವಿ. ಕಾಣವಲ್ದೇನು ನಿನಗ?"
ಈ ಕೂಸನ್ನು ನೋಡಿ ಆ ಕೂಸನ್ನು ನೆನೆಯುತ್ತಿದ್ದಾಳೆ.

ಒಂದು ಮಾತು ಸಾಕು — ಇವನು ಅವನಲ್ಲ. ಆಗ ಇದು ಬರಿಯ ಕುರು, ಕೊಯ್ಯಬಹುದು. ಆದರೆ ಅಕ್ಕನಿಗೆ ಪಂಚಾಕ್ಷರಿ ಇನ್ನೊಮ್ಮೆ ಸತ್ತಂತೆ…

ಸಂಜೆ
ಅಕ್ಕ ಕುಳಿತಲ್ಲೇ ನಿದ್ದೆ ಹೋಗಿದ್ದಳು. ಹಣೆಗೆ ಒದ್ದೆಬಟ್ಟೆ ಹಾಕಲು ಕೂಸಿನ ಕುಲಾವಿ ಬಿಚ್ಚಿದೆ. ಬಲಗಿವಿಯ ಮುಂದೆ, ಕೂದಲಡಿ, ಇನ್ನೊಂದು ತೂತು. ಸಣ್ಣದು, ಒಣಗಿದ್ದು. ಎಡಗಿವಿಯ ತೂತು ಸಿಕ್ಕ ಮೇಲೆ ಬಲಗಿವಿಯನ್ನು ಯಾರೂ ನೋಡಿಲ್ಲ.

ಪುಸ್ತಕ ತೆರೆದೆ. ಕೆಲವರಿಗೆ ಎರಡೂ ಕಡೆ ಇರುತ್ತದೆ ಎಂದಿದೆ. ಸರಿ. ಆದರೆ ಇದರ ಸುತ್ತ ಕಾಡಿಗೆಯಂಥ ಕಪ್ಪಿದೆ. ಒದ್ದೆಬಟ್ಟೆಯಿಂದ ಒರೆಸಿದೆ. ಮತ್ತೆ ಒರೆಸಿದೆ. ಹೋಗಲಿಲ್ಲ. ಬಣ್ಣದ ಬಗ್ಗೆ ಪುಸ್ತಕದಲ್ಲಿ ಏನೂ ಇಲ್ಲ.

ಕೂಸು ಅಳಲಿಲ್ಲ. ನನ್ನನ್ನೇ ನೋಡುತ್ತಿತ್ತು. ತಲೆ ಮತ್ತೆ ಅದೇ ಅಂಗೈಯಲ್ಲಿ.

ನಾಳೆ ಬೆಳಕು ಹರಿದ ಕೂಡಲೇ ಅಕ್ಕನಿಗೆ ಹೇಳುತ್ತೇನೆ: ಮುಳ್ಳು ಚುಚ್ಚಿದ್ದು ಬಲಗಿವಿಗೆ, ಇವನು ಬೇರೆ. ಆಸ್ಪತ್ರೆಗೆ ನಾನೇ ಎತ್ತಿಕೊಂಡು ಹೋಗುತ್ತೇನೆ. ಅವಳು ಏಳುವ ಮೊದಲೇ ಕುಲಾವಿ ಕಟ್ಟಿರಬೇಕು. ಎಡಗಡೆ ಮಾತ್ರ ಸರಿಸಿ, ಬಲಗಡೆ ಬಿಗಿಯಾಗಿ —