ಸೂಜಿ ಡಬ್ಬವೂ ಸಡಿಲ ಬಿಡುವ ಕ್ಲಾಸೂ

ನರ್ಸಿಂಗ್ ಕಾಲೇಜಿನ ಹಾಸ್ಟೆಲ್ಲು
ತಾರೀಕು ೧೪, ಮಂಗಳವಾರ

ಪ್ರೀತಿಯ ಅಕ್ಕನಿಗೆ ನಿನ್ನ ತಂಗಿಯ ನಮಸ್ಕಾರ.

ಮೊದಲು ಕನಸು ಹೇಳಿಬಿಡ್ತೀನಿ, ಇಲ್ಲದಿದ್ದರೆ ಮುಂದಕ್ಕೆ ಕೈ ಓಡಲ್ಲ. ಬಾಯಲ್ಲಿ ಏನೋ ಜಿಗಿಜಿಗಿ ಅಂತಿತ್ತು. ಅಗಿದರೆ ಹರಿಯೋದಿಲ್ಲ, ನುಂಗಿದರೆ ಇಳಿಯೋದಿಲ್ಲ. ಎಳೆದು ನೋಡಿದರೆ ವಾರ್ಡಿನ ರಬ್ಬರ್ ಗ್ಲೌಸು. ಒಂದು ಬೆರಳು ಬಂತು, ಇನ್ನೊಂದು ಬಂತು, ಮತ್ತೊಂದು ಬಂತು, ಆ ಕೈಗೆ ಬೆರಳೇ ಮುಗಿಯಲಿಲ್ಲ. ಎದ್ದು ಬಾಯಿ ಉಜ್ಜಿ ಉಜ್ಜಿ ವಸಡೆಲ್ಲ ಉರಿ. ಈಗಲೂ ಆ ಗ್ಲೌಸಿನ ಪೌಡರಿನ ವಾಸನೆ ನಾಲಿಗೆ ಮೇಲೇ ಕೂತಿದೆ, ಥೂ.

ನಿನ್ನ ಕಾಗದಗಳಿಗೆ ಉತ್ತರ ಬರೆಯದೆ ಇದ್ದದ್ದಕ್ಕೆ ಸಿಟ್ಟು ಮಾಡ್ಕೋಬೇಡ. ಫೋನಾದರೂ ಮಾಡಬಾರದಾ ಅಂತೀಯ. ನಮ್ಮ ಫೋನುಗಳೆಲ್ಲ ಇರೋದು ವಾರ್ಡನ್ನಮ್ಮನ ಮೇಜಿನ ಮೇಲೆ. ನಾವು ಮಾತಾಡುವಾಗ ಅವಳು ಎದುರಿಗೇ ಕೂತು ಉಗುರು ಕಡೀತಾ ಇರ್ತಾಳೆ, ಕಡಿದದ್ದನ್ನು ಅಲ್ಲೇ ಪಕ್ಕಕ್ಕೆ ಉಗೀತಾಳೆ. ಅದನ್ನು ನೋಡ್ತಾ ನಿನ್ನ ಹತ್ರ ಏನು ಮಾತಾಡಲಿ ಹೇಳು. ಅಲ್ಲದೆ ನೀನು “ಏನಾಯ್ತೇ” ಅಂದ ಕೂಡಲೆ ನಾನು ಅತ್ತುಬಿಡ್ತೀನಿ. ಕಾಗದವೇ ವಾಸಿ. ತಪ್ಪಿದ್ದರೆ ತಿದ್ದಿಕೊಂಡು ಓದು. ಅರ್ಧಕ್ಕೆ ನಿಂತು ಮತ್ತೆ ಹಿಡಿದ ಓದು ನನ್ನದು, ಒತ್ತಕ್ಷರಗಳು ಇನ್ನೂ ನನ್ನ ಕಂಡರೆ ದೂರ ನಿಲ್ತವೆ.

ಏನೂ ಆಗಿಲ್ಲ, ಗಾಬರಿ ಬೀಳಬೇಡ. ಹೋದ ವಾರ ವಾರ್ಡಿನಲ್ಲಿ ಹೆಬ್ಬೆರಳಿಗೆ ಸೂಜಿ ಚುಚ್ಚಿತು, ಅಷ್ಟೇ.

ಹೇಗಾಯ್ತು ಅಂತ ಕೇಳು. ರೋಗಿಗಳಿಗೆ ಹಾಕಿದ ಸೂಜಿಗಳನ್ನು ಬಿಸಾಡೋಕೆ ನಮ್ಮ ವಾರ್ಡಿನ ಗೋಡೆಗೆ ಒಂದು ಬಿಳಿ ಡಬ್ಬ ನೇತುಹಾಕಿದ್ದಾರೆ. ಅದು ಮುಕ್ಕಾಲು ತುಂಬಿದ ಕೂಡಲೆ ತೆಗೆದು ಹೊಸದು ಇಡಬೇಕು ಅಂತ ಮೊದಲನೇ ಪಾಠದಲ್ಲೇ ಬಾಯಿಪಾಠ ಮಾಡಿಸಿದ್ದರು. ಆದರೆ ಹೊಸದಕ್ಕೆ ಸ್ಟೋರಿನವನನ್ನು ಕೇಳಬೇಕು. ವಾರ್ಡ್ ಸಿಸ್ಟರಿಗೂ ಅವನಿಗೂ ಮಾತಿಲ್ಲ. ಹಾಗಾಗಿ ಡಬ್ಬ ತುಂಬಿದ ಹಾಗೆಲ್ಲ ಸಿಸ್ಟರು, “ಸ್ವಲ್ಪ ಕುಲುಕೇ, ಕೂತ್ಕೊಳ್ಳುತ್ತೆ” ಅಂತಾರೆ. ನಾವು ಸಕ್ಕರೆ ಡಬ್ಬ ಕುಲುಕಿದ ಹಾಗೆ ಕುಲುಕ್ತೀವಿ. ಒಳಗೆ ಕಂಡಕಂಡವರ ರಕ್ತ ಹತ್ತಿದ ಸೂಜಿಗಳು ಝಲ್ ಅಂತ ಸದ್ದು ಮಾಡಿ ಕೆಳಗೆ ಕೂರ್ತವೆ. ಅವತ್ತು ಕುಲುಕಿದರೂ ಕೂರದ ಒಂದು ಸೂಜಿ, ಮೀನಿನ ಮುಳ್ಳಿನ ಹಾಗೆ ಡಬ್ಬದ ಬಾಯಲ್ಲಿ ನೆಟ್ಟಗೆ ನಿಂತಿತ್ತು. ನನ್ನ ಕೈಯಲ್ಲಿದ್ದ ಸೂಜಿ ಹಾಕೋಕೆ ಹೋದೆ, ಆ ನಿಂತಿದ್ದ ಸೂಜಿ ಗ್ಲೌಸು ದಾಟಿ ಹೆಬ್ಬೆರಳಿಗೆ ಇಳೀತು.

ನಲ್ಲಿ ಕೆಳಗೆ ಕೈ ಹಿಡಿದೆ, ಸೋಪು ಹಾಕಿ ತೊಳೆದೆ, ಓಡಿಹೋಗಿ ಸಿಸ್ಟರಿಗೆ ಹೇಳಿದೆ. ಅವರು ನನ್ನ ಬೆರಳು ನೋಡಲಿಲ್ಲ, ಮುಖ ನೋಡಿದರು. “ನೀನಾ,” ಅಂದರು. ಆ ಒಂದು ಮಾತಿನಲ್ಲಿ ಎಲ್ಲ ತೀರ್ಮಾನವಾಗಿ ಹೋಯ್ತು ಅಕ್ಕ. ಇಲ್ಲಿ ಹುಡುಗೀರು ನನ್ನನ್ನು ಗಡಗಡ ಅಂತ ಕರೀತಾರೆ, ನಿನಗೆ ಹೇಳಿದ್ದೆನಲ್ಲ. ಪರೀಕ್ಷೆ ಅಂದರೆ ಕೈ ನಡುಗುತ್ತೆ, ಡಾಕ್ಟರು ಬಂದರೆ ಟ್ರೇ ನಡುಗುತ್ತೆ. ಎಲ್ಲರಿಗಿಂತ ದೊಡ್ಡವಳು ನಾನೇ, ಎಲ್ಲರಿಗಿಂತ ಹೆಚ್ಚು ನಡುಗೋಳೂ ನಾನೇ. ಹಾಗಿದ್ದಮೇಲೆ ಇನ್ನೇನು, ನಮ್ಮ ಪ್ರಿನ್ಸಿಪಾಲರು, ದೊಡ್ಡ ಮೇಡಂ, ಕಾಲೇಜಿನ ಕಡೆಯಿಂದ ಬರೆದುಬಿಟ್ಟರು, ವಿದ್ಯಾರ್ಥಿನಿಯ ಆತಂಕದಿಂದ ಗಾಯವಾಗಿದೆ ಅಂತ. ಡಬ್ಬದ ಸುದ್ದಿಯೇ ಇಲ್ಲ.

ಅಷ್ಟಕ್ಕೇ ನಿಲ್ಲಲಿಲ್ಲ. ನಮ್ಮ ಆತಂಕ ಕಳೆಯೋಕೆ ಹೊರಗಿನಿಂದ ಒಬ್ಬ ಮೇಡಮ್ಮನ್ನು ಕರೆಸಿದ್ದಾರೆ. ಜೇನು ಸುರಿದ ಹಾಗೆ ಮಾತಾಡ್ತಾರೆ, ಅದಕ್ಕೇ ಜೇನಮ್ಮ ಅಂತ ಹೆಸರಿಟ್ಟಾಯ್ತು. ದಿನಾ ಮಧ್ಯಾಹ್ನ ಊಟ ಆದಮೇಲೆ, ಬೊಂಬೆಗಳ ಮೇಲೆ ಸೂಜಿ ಹಾಕೋದು ಕಲಿಸ್ತಾರಲ್ಲ, ಆ ಕೋಣೆಯಲ್ಲಿ ಎಲ್ಲರೂ ಚಾಪೆ ಹಾಸಿ ಅಂಗಾತ ಮಲಗಬೇಕು. ಕಾಲ್ಬೆರಳು ಬಿಗಿ ಹಿಡೀರಿ, ಸಡಿಲ ಬಿಡಿ. ಮೀನಖಂಡ ಬಿಗಿ ಹಿಡೀರಿ, ಸಡಿಲ ಬಿಡಿ. ಹಾಗೇ ಮೇಲೆ ಬಂದು ಹಲ್ಲು ಕಚ್ಚಿ, ಹಣೆ ಗಂಟು ಹಾಕಿ, ಬಿಡಬೇಕು. ನಿಧಾನವಾಗಿ ಉಸಿರು ತಗೊಂಡು ಅದಕ್ಕಿಂತ ನಿಧಾನವಾಗಿ ಬಿಡಬೇಕು. ಆಮೇಲೆ ಕಣ್ಣು ಮುಚ್ಚಿ ತಿಳಿನೀರಿನ ಕೊಳ ನೆನೆಸ್ಕೋಬೇಕು. ನನ್ನ ಚಾಪೆಗೆ ಯಾರದೋ ಉದ್ದ ಕೂದಲು ಅಂಟಿಕೊಂಡಿದೆ, ಜೊತೆಗೆ ಬೆವೆತ ಕಾಲಿನ ನಾತ. ಕೊಳ ಎಲ್ಲಿಂದ ಬರುತ್ತೆ? ಬಂದರೂ ಅದರ ಮೇಲೆ ಹತ್ತಿ ಉಂಡೆಗಳು ತೇಲ್ತಿರ್ತವೆ.

ಹಾಸ್ಟೆಲಿನಲ್ಲಿ ನನ್ನ ಪಕ್ಕದ ಮಂಚದವಳು ಮಾತ್ರ ಚಾಪೆ ಮೇಲೆ ಮಲಗಿದ ಕೂಡಲೆ ಗೊರಕೆ. “ನಿನ್ನ ಹೆಬ್ಬೆರಳಿನ ದೆಸೆಯಿಂದ ನಮಗೆ ಮಧ್ಯಾಹ್ನದ ನಿದ್ದೆ ಸಿಕ್ತಿದೆ ಕಣೇ ಗಡಗಡ, ಇನ್ನೊಂದು ಬೆರಳೂ ಚುಚ್ಚಿಸ್ಕೋ,” ಅಂತ ಎಲ್ಲರೆದುರು ಅಂದಳು. ನಾನೂ ನಕ್ಕೆ. ನಕ್ಕಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿದೆ.

ಇನ್ನೂ ಅಸಹ್ಯವಾದದ್ದು ಒಂದಿದೆ, ನಿನಗೊಬ್ಬಳಿಗೇ ಹೇಳ್ತೀನಿ. ಆ ಸಡಿಲ ಬಿಡೋದು ಸುಳ್ಳಲ್ಲ. ಮೂರನೇ ದಿನಕ್ಕೋ ಏನೋ, ನನಗೇ ಗೊತ್ತಾಗದ ಹಾಗೆ ನನ್ನ ಭುಜ ಇಳಿದು ನೆಲಕ್ಕೆ ತಾಗಿತು. ಎಷ್ಟೋ ವರ್ಷದಿಂದ ಕಿವಿ ಹತ್ರ ಎತ್ತಿಕೊಂಡೇ ಇದ್ದ ಭುಜ. ಉಸಿರು ಹೊಟ್ಟೆ ತನಕ ಹೋಯ್ತು. ಬೇರೆ ಯಾವಾಗಲಾದರೂ ಹೇಳಿಕೊಟ್ಟಿದ್ದರೆ ಜೇನಮ್ಮನ ಕೈ ಹಿಡಿದು ಕಣ್ಣಿಗೆ ಒತ್ತಿಕೊಳ್ತಿದ್ದೆ. ಆದರೆ ಡಬ್ಬ ಅಲ್ಲಿ ತುಂಬಿ ನಿಂತಿರುವಾಗ ನನ್ನ ಮೈಯೇ ಅವರ ಕಡೆ ಸೇರಿಕೊಂಡ ಹಾಗಾಯ್ತು. ನನ್ನ ಮೈ ಮೇಲೇ ನನಗೆ ಹೇಸಿಗೆ ಬಂತು.

ನಿನ್ನೆ ದೊಡ್ಡ ಮೇಡಂ ಕ್ಲಾಸು ನೋಡೋಕೆ ಬಂದರು. ಚಪ್ಪಲಿ ಬಿಡದೆ ಚಾಪೆಗಳ ನಡುವೆ ಓಡಾಡ್ತಾ, ಮನಸ್ಸು ಶಾಂತವಾಗಿದ್ದರೆ ಯಾವ ಅವಘಡವೂ ಆಗಲ್ಲ ಅಂತ ಭಾಷಣ ಶುರು ಮಾಡಿದರು. ಆಮೇಲೆ ನನ್ನ ತಲೆ ಹತ್ರ ಬಂದು ನಿಂತರು. ಎದ್ದು ಕೂತು ಎಲ್ಲರಿಗೂ ಹೇಳು, ನಿನ್ನ ಗಾಬರಿಯಿಂದಲೇ ಹೀಗಾಯ್ತು ಅಂತ, ಉಳಿದವರು ಪಾಠ ಕಲೀಲಿ, ಅಂದರು. ಎದ್ದು ಕೂತೆ. ಕೆನ್ನೆಗೆ ಆ ಕೂದಲು ಅಂಟಿತ್ತು. ನನ್ನ ಕೈ ನಡುಗ್ತಿತ್ತು ಅಕ್ಕ, ಇಲ್ಲ ಅನ್ನಲ್ಲ. ಆದರೂ ಬಾಯಿ ಬಂತು.

“ನಾನು ಗಾಬರಿ ಬಿದ್ದದ್ದು ಚುಚ್ಚಿದ ಮೇಲೆ ಮೇಡಂ. ಡಬ್ಬ ತುಂಬಿದ್ದು ಅದಕ್ಕೂ ಮುಂಚೆ.”

ಗೊರಕೆ ಕೂಡ ನಿಂತಿತು. ಯಾರೋ ಮುಸುಕಿನೊಳಗೆ ಕಿಸಕ್ ಅಂದರು. ಜೇನಮ್ಮ ಮಾತ್ರ ಅದೇ ದನಿಯಲ್ಲಿ, ಈ ಕೋಪವನ್ನು ಒಂದು ಎಲೆ ಮೇಲಿಟ್ಟು ನೀರಿಗೆ ಬಿಡಮ್ಮ, ತೇಲಿಹೋಗಲಿ ಅಂದರು. ದೊಡ್ಡ ಮೇಡಂ ನನ್ನ ಕಡೆ ನೋಡಲೇ ಇಲ್ಲ. “ಇವಳಿಗೆ ಇನ್ನೂ ಕ್ಲಾಸು ಬೇಕು,” ಅಂತ ಜೇನಮ್ಮನಿಗೆ ಹೇಳಿ ಹೊರಟುಹೋದರು. ಈಗ ನಾನು ಶಾಂತವಾಗೋ ತನಕ ವಾರ್ಡಿಗೆ ಕಾಲಿಡೋ ಹಾಗಿಲ್ಲ. ನನ್ನ ಪಾಳಿಗೆ ಪಕ್ಕದ ಮಂಚದವಳನ್ನು ಹಾಕಿದ್ದಾರೆ. ಡಬ್ಬ ಬದಲಾಯಿಸಿದರಾ ಅಂತ ಸಂಜೆ ಕೇಳಿದೆ. ಇಲ್ಲ ಅಂದಳು. ಮೇಲೆ ಬಂದ ಸೂಜಿಗಳು ಕಾಣದಿರಲಿ ಅಂತ ಬಾಯಿಗೆ ಹತ್ತಿ ತುರುಕಿದ್ದಾರಂತೆ. ಅವಳು ಈ ಸಲ ತಮಾಷೆ ಮಾಡಲಿಲ್ಲ. ಗ್ಲೌಸು ಒಂದರ ಮೇಲೊಂದು ಹಾಕ್ಕೋತೀನಿ ಅಂದಳು.

ಭಾವನ ಬೆನ್ನುನೋವು ಹೇಗಿದೆ? ಬಿಗಿ ಹಿಡಿದು ಸಡಿಲ ಬಿಡೋದನ್ನು ಅವರಿಗೂ ಹೇಳಿಕೊಡು, ನಿಜವಾಗಲೂ ಹಿತವಾಗುತ್ತೆ, ಶುರು ಕಾಲಿನಿಂದ. ದೊಡ್ಡ ಮಗನಿಗೆ ಚೆನ್ನಾಗಿ ಓದು ಅಂತ ಹೇಳು. ಚಿಕ್ಕದಕ್ಕೆ ನನ್ನ ಮುತ್ತು. ನೀವೆಲ್ಲ ತಣ್ಣಗಿರಿ, ನಿಮ್ಮ ಮನೆಯಲ್ಲಿ ಯಾರಿಗೂ ಆಸ್ಪತ್ರೆ ಮೆಟ್ಟಿಲು ಹತ್ತೋ ಹಾಗಾಗದಿರಲಿ.

ಇತಿ ನಿನ್ನ ತಂಗಿ

ಕೊನೆಗೆ ಒಂದು ಮಾತು: ಏನೂ ಆಗಿಲ್ಲ ಅಂತ ಮೇಲೆ ಬರೆದದ್ದು ನಿನ್ನ ಸಮಾಧಾನಕ್ಕೆ. ನನಗೆ ಚುಚ್ಚಿದ ಸೂಜಿ ಯಾರಿಗೆ ಹಾಕಿದ್ದು ಅಂತ ಯಾರಿಗೂ ಗೊತ್ತಿಲ್ಲ. ಆ ವಾರ್ಡಿನಲ್ಲಿ ರಕ್ತದಿಂದ ಅಂಟೋ ಕಾಮಾಲೆಯವರೂ ಇದ್ದಾರೆ. ನನ್ನ ರಕ್ತ ಪರೀಕ್ಷೆಗೆ ಹೋಗಿದೆ, ಇನ್ನೂ ಉತ್ತರ ಇಲ್ಲ. ಆ ಕಾಮಾಲೆ ಬರದ ಹಾಗೆ ಮೂರು ಸಲ ಲಸಿಕೆ ಸೂಜಿ ಹಾಕಿಸಿಕೊಂಡಿದ್ದರೆ ಅಷ್ಟು ಹೆದರಬೇಕಿಲ್ಲ, ಇಲ್ಲದಿದ್ದರೆ ತಡ ಮಾಡದೆ ಬೇರೆ ಮದ್ದು ಕೊಡಬೇಕು ಅಂತ ಡಾಕ್ಟರು ಹೇಳ್ತಾರೆ. ನನಗೆ ಮೂರೂ ಆಗಿದೆ ಅಂತ ಕಾಲೇಜಿನವರು ಹೇಳ್ತಾರೆ, ಅವರು ಯಾರನ್ನೂ ಕೇಳದೆ ನಮ್ಮೆಲ್ಲರಿಗೂ ಹಾಗೇ ಒಟ್ಟಿಗೆ ಬರೆದುಕೊಂಡಿದ್ದು. ನನಗೆ ನೆನಪಿರೋದು ಎರಡೇ. ಏಳನೇ ಕ್ಲಾಸಿನಲ್ಲಿ, ಶಾಲೆಯ ಜಗುಲಿಯಲ್ಲಿ ಸಾಲು ನಿಲ್ಲಿಸಿ ಹಾಕಿದ್ದರು. ಮೂರನೆಯದಕ್ಕೆ ಆ ಸೂಜಿಯವರು ಬಂದಾಗ ನಾನು ಸಾಲಿನಲ್ಲಿದ್ದೆನಾ, ಅಥವಾ ಅಷ್ಟು ಹೊತ್ತಿಗೆ ನೀನು ನನ್ನನ್ನು ಶಾಲೆ ಬಿಡಿಸಿ ನಿನ್ನ ಬಾಣಂತನಕ್ಕೆ ನಿನ್ನ ಮನೆಗೆ ಕರೆಸಿಕೊಂಡಿದ್ದೆಯಾ? ಬೇಜಾರು ಮಾಡ್ಕೋಬೇಡ ಅಕ್ಕ, ನಿನ್ನ ಮೇಲೆ ತಪ್ಪು ಹೊರಿಸೋಕೆ ಕೇಳ್ತಿಲ್ಲ, ದೊಡ್ಡವನನ್ನು ಆಡಿಸಿದ ದಿನಗಳು ನನಗೂ ಇಷ್ಟವೇ. ಆಗಿನ ಟೀಚರು ಸಿಕ್ಕರೆ ಅವರನ್ನೂ ಕೇಳು. ವಾರ್ಡನ್ನಮ್ಮ ಕೇಳಿಸಿಕೊಂಡರೂ ಪರವಾಗಿಲ್ಲ, ಈ ಕಾಗದ ಸಿಕ್ಕ ದಿನವೇ ಫೋನು ಮಾಡಿ, ಮೂರನೆಯದು ಆಗಿತ್ತು, ಆಗಿರಲಿಲ್ಲ, ಇಷ್ಟರಲ್ಲಿ ಒಂದು ಹೇಳು. ಅಂದಾಜಿಗೆ ಹೇಳಬೇಡ. ಇನ್ನೊಂದು ಸಲ ಸರಿಯಾಗಿ ನೆನಪು ಮಾಡ್ಕೊಂಡು ನೋಡು.